ಹದಿನೈದನೆಯ ದಿನದ ರಕ್ತ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ವಾಸನೆಯ ಬಗ್ಗೆ. "ಅಷ್ಟು ವರ್ಷ ಮಲದ ಡಬ್ಬಿ ಹೆಂಗ ತಗದ್ರಿ ಆಂಟಿ?" ಎನ್ನುತ್ತಾರೆ. ವಾಸನೆ ಒಂದು ವಾರದ ಮಾತು. ಎಂಟನೆಯ ದಿನ ಮೂಗು ತಾನಾಗಿ ಸುಮ್ಮನಾಗುತ್ತದೆ. ಸುಮ್ಮನಾಗದೆ ಉಳಿಯುವ ಸಂಗತಿಗಳು ಬೇರೆ. ಅಂಥದೊಂದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ವಿಜಯಪುರವನ್ನು ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದರು. ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟ ಮನೆ ನಮ್ಮದು. ಗಾಡಿ ಹಾಯ್ದಾಗ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ, ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸಿ ಮನೆಯಲ್ಲಿದ್ದೆ. ನಮ್ಮ ಯಜಮಾನರಿಗೆ ಪರಿಚಯವಿದ್ದ ಡಾಕ್ಟರೊಬ್ಬರು ಟಿಕೋಟಾ, ಬಬಲೇಶ್ವರದ ಕಡೆ ಕೊಕ್ಕೆಹುಳುವಿನ ಅಧ್ಯಯನ ಶುರು ಮಾಡಿದ್ದರು. ಅಂದವಾದ ಅಕ್ಷರದಲ್ಲಿ ಇಂಗ್ಲಿಷ್ ಬರೆಯುವ, ಹಳ್ಳಿಯ ಹೆಣ್ಣುಮಕ್ಕಳು ನಾಚದೆ ಮಾತಾಡುವಂಥ ಒಬ್ಬ ಹೆಂಗಸು ಬೇಕಾಗಿತ್ತು. ಸೂಜಿ ಹಿಡಿಯುವುದನ್ನೂ ಮೈಕ್ರೊಸ್ಕೋಪು ನೋಡುವುದನ್ನೂ ಅವರೇ ಕಲಿಸಿದರು.

ಕೊಕ್ಕೆಹುಳು ಎಂದರೆ ಹಸಿ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ನಮ್ಮದು ಒಣಭೂಮಿ ನಿಜ, ಆದರೆ ಬಾವಿ ನೀರಿನ ತೋಟಗಳ ಪಾತಿಯಲ್ಲಿ ಹಸಿ ಆರುತ್ತಿರಲಿಲ್ಲ. ಆ ಪಾತಿಗಳಲ್ಲಿ ಕಸ ತೆಗೆಯುವವರು ಹೆಂಗಸರು. ಅವರ ಉಗುರು, ಕಣ್ಣಿನ ಒಳ ಅಂಚು, ನಾಲಿಗೆ, ಎಲ್ಲವೂ ನೆನೆಸಿಟ್ಟ ಅಕ್ಕಿಯ ಬಣ್ಣ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತ, ಅದು ಹೆಣ್ಣುಜನ್ಮದ ಸಹಜ ಎಂದು ತಿಳಿದಿದ್ದರು.

ಮೊದಲು ನಾವು ಮಲವನ್ನಷ್ಟೇ ನೋಡುತ್ತಿದ್ದೆವು. ಹಿಂದಿನ ದಿನ ಖಾಲಿ ಬೆಂಕಿಪೆಟ್ಟಿಗೆ ಕೊಟ್ಟು ಬರುವುದು, ಮರುದಿನ ತುಂಬಿದ್ದನ್ನು ತರುವುದು. ಬಿಜ್ಜರಗಿಯಲ್ಲಿ ಒಂದೇ ಮನೆಯ ಇಬ್ಬರು ನೆಗೆಣ್ಣಿಯರು ಕೊಟ್ಟ ಎರಡು ಪೆಟ್ಟಿಗೆಗಳಲ್ಲೂ ಪುಂಡಿಪಲ್ಲೆಯ ಒಂದೇ ಥರದ ನಾರು ಕಂಡು ನನಗೆ ಅನುಮಾನ ಬಂತು. ಕೇಳಿದೆ. ಹಿರಿಯಳು ಸ್ವಲ್ಪವೂ ಅಳುಕದೆ ಹೇಳಿದಳು:

"ಆಕಿಗಿ ಇವತ್ತ ಆಗೇ ಇಲ್ರಿ ಅಕ್ಕಾರ. ನೀವು ಬಂದ ಬರಿಗೈಲೆ ಹೋದ್ರ ಚೆಂದ ಅಲ್ಲಂತ ನಂದರಾಗ ಅರ್ಧಾ ಕೊಟ್ಟೇನಿ. ಒಂದ ಒಲಿ ಮ್ಯಾಗಿಂದ ಉಣ್ಣಾವ್ರ, ಏನ ಫರಕ ಆಕ್ಕೈತಿ?"

ಜೀಪಿನ ಡ್ರೈವರ್ ಹುಸೇನಸಾಬ್ ನಕ್ಕು ಸ್ಟಿಯರಿಂಗಿಗೆ ಹಣೆ ಇಟ್ಟರು. ಡಾಕ್ಟರೂ ನಕ್ಕರು. ಆದರೆ ಸಂಜೆ ರಿಜಿಸ್ಟರ್ ಮುಚ್ಚುವಾಗ ಅವರ ಮುಖ ಬೇರೆಯಾಗಿತ್ತು. "ಡಬ್ಬಿ ಯಾರದರೆ ಇರಬಹುದು ಬಾಯಿ. ಇನ್ನ ಮ್ಯಾಲೆ ಬೆರಳಿನ ರಕ್ತಾನೂ ನೋಡೂಣು. ರಕ್ತ ಸುಳ್ಳ ಹೇಳೂದಿಲ್ಲ" ಎಂದರು. ನನ್ನನ್ನು ಅವರು ಬಾಯಿ ಎಂದೇ ಕರೆಯುತ್ತಿದ್ದರು, ಅಮ್ಮಾ ಎನ್ನುವಂತೆ.

ಹೀಗೆ ರಕ್ತದ ಹನಿ ಸವರಿದ ಗಾಜುಗಳು ಬಂದವು. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಇಯೊಸಿನೊಫಿಲ್ ಎಂಬ ಒಂದು ಜಾತಿಯಿದೆ. ಬಣ್ಣ ಹಾಕಿ ನೋಡಿದರೆ ಹೊಟ್ಟೆಯ ತುಂಬ ಕೇಸರಿ ರವೆ ತುಂಬಿಕೊಂಡಂತೆ ಕಾಣುತ್ತದೆ. ಮೈಯೊಳಗೆ ಹುಳುವಿದ್ದರೆ ಇವು ಹೆಚ್ಚುತ್ತವೆ. ಮೈ ಹುಳುವಿನೊಡನೆ ಹೋರಾಡುವ ಗುರುತು ಅದು. ನೂರು ಬಿಳಿ ಕಣ ಎಣಿಸಿ ಅದರಲ್ಲಿ ಇವೆಷ್ಟು ಎಂದು ಬರೆಯಬೇಕು. ಎಣಿಸುವ ಯಂತ್ರ ನಮಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ನಾನು ಮನೆಯಿಂದ ನೂರು ಹುಣಸೆಬೀಜ ಒಯ್ದಿದ್ದೆ. ಒಂದು ಕಣಕ್ಕೆ ಒಂದು ಬೀಜ. ಇಯೊಸಿನೊಫಿಲ್ ಆದರೆ ಎಡಗಡೆಯ ಬಸಿಗೆ, ಅಂದರೆ ಚಹಾದ ತಟ್ಟೆಗೆ, ಉಳಿದದ್ದು ಬಲಗಡೆಗೆ. ಡಾಕ್ಟರು ಮೊದಲ ದಿನ "ಚೌಕಾಬಾರಾ ಆಡಾಕತ್ತೀರೇನು?" ಎಂದು ಚೇಷ್ಟೆ ಮಾಡಿದರು. ಆಮೇಲೆ ತಮ್ಮ ಎಣಿಕೆ ತಪ್ಪಿದಾಗಲೆಲ್ಲ ಬಸಿ ಕೇಳಿ ಪಡೆಯುತ್ತಿದ್ದರು.

ಆಗಿನ ಮದ್ದು ಪುಡಿ. ಬರಿಹೊಟ್ಟೆಯಲ್ಲಿ ನೀರಿಗೆ ಕಲಸಿ ಕುಡಿಯಬೇಕು. ಅದರ ಕಹಿ ನಾಲಿಗೆಯ ಬುಡಕ್ಕೆ ಅಂಟಿ ಮಧ್ಯಾಹ್ನದವರೆಗೆ ಹೋಗುತ್ತಿರಲಿಲ್ಲ. ಹೆಂಗಸರು ಅದನ್ನು ಗಲ್ಲದಲ್ಲಿ ಹಿಡಿದು, ತಲೆ ಅಲ್ಲಾಡಿಸಿ, ಗೋಡೆಯ ಆಚೆ ಹೋಗಿ ಉಗುಳುತ್ತಿದ್ದರು. ಟಿಕೋಟಾದಲ್ಲಿ ಒಂದು ದಿನ ನಾವು ಕುಳಿತ ಕಟ್ಟೆಯ ಹಿಂದೆ ಹೋಗಿ ನೋಡಿದರೆ ಗೋಡೆಯ ಬುಡವೆಲ್ಲ ಹಳದಿ. ಡಾಕ್ಟರು ಸಿಟ್ಟಾದರು. "ಕುಡಿದ ಮ್ಯಾಲೆ ಬಾಯಿ ತಗಸ್ರಿ. ಮಾತಾಡಸ್ರಿ" ಎಂದು ನನಗೆ ಹೇಳಿದರು. ಹೆಸರು ಕೇಳಿದರೆ ಮುಚ್ಚಿದ ತುಟಿಯಲ್ಲೇ ಹೂಂ ಎನ್ನುವರು. ನನ್ನ ಫಾರ್ಮಿನಲ್ಲಿ ಗಂಡನ ಹೆಸರಿನ ಕಾಲಮ್ಮೂ ಇತ್ತು. ಅದನ್ನಂತೂ ಯಾರೂ ಬಾಯಿಬಿಟ್ಟು ಹೇಳರು. ಒಬ್ಬ ಮುದುಕಿ ದಾರಿ ತೋರಿಸಿದಳು: "ಒಡಪು ಹಾಕಸು ಯವ್ವಾ. ಒಡಪು ಹೇಳಬೇಕಂದ್ರ ಬಾಯಿ ಖಾಲಿ ಇರಬೇಕ."

ಮದುವೆ, ಸೋಬಾನದ ದಿನ ಹೆಣ್ಣುಮಕ್ಕಳು ಪ್ರಾಸ ಹೊಂದಿಸಿ ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳುವುದೇ ಒಡಪು. ಅಂದಿನಿಂದ ನಮ್ಮ ಮದ್ದಿನ ಸರದಿ ಬೀಗರ ಮನೆಯ ಹಾಗಾಯಿತು. ಟಿಕೋಟಾದ ಗಂಗವ್ವ, ದೊಡ್ಡ ದನಿಯ ಹೆಂಗಸು, ಲೋಟ ಕೆಳಗಿಟ್ಟವಳೇ ಸೊಂಟಕ್ಕೆ ಕೈಕೊಟ್ಟು ಹೇಳಿದಳು:

"ಕಹಿ ಪುಡಿ ನುಂಗೀನಿ, ಬೆಲ್ಲಾ ಕೊಡ್ರಿ ಒಂದ ಹಿಡಿ,
ಮಲ್ಲಪ್ಪನ ಹೆಸರ ಹೇಳೀನಿ, ಇನ್ನ ನನ್ನ ಕೈ ಬಿಡಿ."

ಎಲ್ಲರೂ ನಕ್ಕರು. ನನಗೆ ಬಾಯಿ ಖಾಲಿಯಾದದ್ದು ಗೊತ್ತಾಯಿತು, ಗಂಡನ ಹೆಸರೂ ಸಿಕ್ಕಿತು. ರಿಜಿಸ್ಟರಿನಲ್ಲಿ ಆಕೆಯ ಮುಂದೆ ಒಂದು ಸರಿ ಗುರುತು. ಡಾಕ್ಟರು ಆ ಗುರುತನ್ನು ತುಂಬ ನಂಬುತ್ತಿದ್ದರು. ಮದ್ದು ಕೊಟ್ಟು ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ತೆಗೆಯುವುದು ನಮ್ಮ ಕ್ರಮ. ಸರಿ ಗುರುತು ಇದ್ದವರದು ಬಹುಮಟ್ಟಿಗೆ ಇಳಿದೇ ಇರುತ್ತಿತ್ತು.

ಬಬಲೇಶ್ವರದ ಚಾವಡಿಯಲ್ಲಿ ಮದ್ದು ಕೊಟ್ಟ ದಿನ ಸಾಲಿನಲ್ಲಿ ಯಮನವ್ವ ಎಂಬವಳಿದ್ದಳು. ಮೂವತ್ತೈದರ ಆಸುಪಾಸು. ಗಂಡ ತೀರಿಕೊಂಡು ನಾಲ್ಕು ವರ್ಷ. ಮೂರನೆಯ ಇಯತ್ತೆಯಲ್ಲಿ ಓದುವ ಒಬ್ಬ ಮಗಳು. ಕರೆದವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಅವಳ ಸರದಿ ಬಂದಾಗ, ಅಲ್ಲಿಯವರೆಗೆ ನಗುತ್ತಿದ್ದ ಹೆಂಗಸರು ಸುಮ್ಮನಾದರು. ಅವಳು ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದಳು. ತಳದಲ್ಲಿ ಪುಡಿ ಉಳಿದಿತ್ತು. ಬಿಂದಿಗೆಯಿಂದ ಸ್ವಲ್ಪ ನೀರು ಹಾಕಿಕೊಂಡು, ಲೋಟ ತಿರುಗಿಸಿ, ಅದನ್ನೂ ಕುಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡು ನನ್ನ ಮುಖ ನೋಡಿದಳು.

ನಾನು ಒಡಪು ಕೇಳಲಿಲ್ಲ. ಗಂಡನಿಲ್ಲದವಳಿಗೆ ಅಷ್ಟು ಜನರ ನಡುವೆ ಅದನ್ನು ಹೇಗೆ ಕೇಳುವುದು? ಬೇರೆ ಏನನ್ನಾದರೂ ಕೇಳಿ ಮಾತಾಡಿಸಬಹುದಾಗಿತ್ತು, ಅದು ಆಗ ಹೊಳೆಯಲಿಲ್ಲ. "ಆಯ್ತ್ರೀ, ನೀವು ಆ ಕಡೆ ಕೂಡ್ರಿ" ಎಂದೆ. ಸರಿ ಗುರುತಿನ ಜಾಗ ಖಾಲಿ ಬಿಟ್ಟೆ. ನಾನು ಮಾಡಿದ್ದು ಮರ್ಯಾದೆ ಎಂದೇ ತಿಳಿದಿದ್ದೆ.

ಹತ್ತು ದಿನದ ಮೇಲೆ ಅವಳೇ ಬಿಜಾಪುರಕ್ಕೆ ಬಸ್ಸು ಹತ್ತಿ ಬಂದಳು. ಶಾಲೆಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡುವ ಕೆಲಸ ಖಾಲಿ ಇದೆಯಂತೆ.

"ಹೆಡ್‌ಮಾಸ್ತರ್ ಅಂದಾರ್ರಿ, ಮೈಯಾಗ ಹುಳಾ ಇಲ್ಲಂತ ಡಾಕ್ಟರ ಚೀಟಿ ತಂದ್ರ ನಿನಗ ಕೆಲಸ ಅಂತ. ಸಾಲಿ ಸುರು ಆಗೂದರಾಗ ಚೀಟಿ ಬೇಕ್ರಿ ಅಕ್ಕಾರ. ವರ್ಷಪೂರ್ತಿ ನೆಳ್ಳಾಗಿನ ಕೆಲಸ. ಮಗಳೂ ಕಣ್ಣ ಮುಂದ ಇರ್ತಾಳ."

ಮೂರು ತಿಂಗಳು ಕಾಯಲು ಸಮಯವಿರಲಿಲ್ಲ. ಡಾಕ್ಟರಿಗೆ ಹೇಳಿ ಒಪ್ಪಿಸಿದವಳು ನಾನೇ: ಹದಿನೈದನೆಯ ದಿನಕ್ಕೆ ರಕ್ತ ನೋಡೋಣ, ಇಳಿಯುವ ದಾರಿಯಲ್ಲಿದ್ದರೆ ಚೀಟಿ ಕೊಡಬಹುದಲ್ಲವೇ. ಅವರು ಒಪ್ಪಿದರು. ಅಷ್ಟು ಬೇಗ ನಾವು ಯಾರ ರಕ್ತವನ್ನೂ ನೋಡಿರಲಿಲ್ಲ. ಇದನ್ನು ಈಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ! ಆಗ ಅದು ನಮ್ಮಿಬ್ಬರಿಗೂ ಕಾಣಲೇ ಇಲ್ಲ.

ಮದ್ದಿಗೆ ಮೊದಲು ಅವಳ ಲೆಕ್ಕ ನೂರಕ್ಕೆ ಹದಿನೆಂಟು. ಹದಿನೈದನೆಯ ದಿನ ಎಡಗಡೆಯ ಬಸಿಗೆ ಬೀಜ ಬೀಳುತ್ತಲೇ ಹೋದವು. ಮೂವತ್ತನಾಲ್ಕು. ಇನ್ನೊಂದು ಗಾಜು ತೆಗೆದು ಎಣಿಸಿದೆ. ಮೂವತ್ತಾರು. ಮಲದ ಡಬ್ಬಿಯಲ್ಲಿ ಮಾತ್ರ ಹುಳುವಿನ ಒಂದು ಮೊಟ್ಟೆಯೂ ಇರಲಿಲ್ಲ.

ಡಾಕ್ಟರು ರಿಜಿಸ್ಟರ್ ತೆರೆದು ಬೆರಳಿಟ್ಟರು. "ಇಲ್ಲಿ ಗುರುತ ಇಲ್ಲಲ್ಲ. ಬಾಯಿ ತಗಸಿ ನೋಡಿದ್ರೇನು?"

"ಇಲ್ಲ ಸರ್."

"ಹಂಗಾದ್ರ ಆಕಿ ಉಗುಳ್ಯಾಳ. ಡಬ್ಬಿ ಬ್ಯಾರೆಯವರದು ತಂದಾಳ. ಕೆಲಸದ ಆಶಾಕ್ಕ ಏನರೆ ಮಾಡ್ತಾರ ಜನ."

ಅವಳು ಲೋಟ ತೊಳೆದ ನೀರನ್ನೂ ಕುಡಿದದ್ದನ್ನು ನನ್ನ ಕಣ್ಣೇ ನೋಡಿತ್ತು. ಹೇಳಲಿಲ್ಲ. ಅದಕ್ಕೆ ರಿಜಿಸ್ಟರಿನಲ್ಲಿ ಕಾಲಮ್ ಇರಲಿಲ್ಲ. ಎದುರಿಗೆ ಎರಡು ಗಾಜಿನ ಲೆಕ್ಕವಿತ್ತು. ಹಿರಿಯರ ಮಾತಿಗೆ ಎದುರಾಡಬಾರದೆಂದು ಕಲಿತವಳು ನಾನು. ಅದಕ್ಕಿಂತ ಹೆಚ್ಚಾಗಿ, ಆ ಗಳಿಗೆಯಲ್ಲಿ ನನಗೂ ಅವಳ ಮೇಲೆ ಅನುಮಾನ ಬಂದಿತ್ತು. ಕುಡಿದದ್ದನ್ನು ಗಲ್ಲದಲ್ಲಿ ಹಿಡಿದಿದ್ದಳೇನೋ, ಆಚೆ ಹೋಗಿ ಉಗುಳಿದಳೇನೋ ಎಂದು ಕಂಡದ್ದನ್ನೇ ತಿದ್ದಿಕೊಂಡೆ.

ಮರುದಿನ ಬಬಲೇಶ್ವರದ ಅದೇ ಚಾವಡಿ. ಸಂತೆಯ ದಿನವಾದ್ದರಿಂದ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡಲು ನಿಂತಿದ್ದರು. ನಾನು ಯಮನವ್ವನನ್ನು ಪಕ್ಕಕ್ಕೆ ಕರೆದು ಕೇಳಬಹುದಾಗಿತ್ತು. ಕರೆಯದೆ ಎಲ್ಲರೆದುರೇ ಕೇಳಿದೆ.

"ಯಮನವ್ವ, ಖರೇ ಹೇಳ್ರಿ. ಅವತ್ತ ಪುಡಿ ನುಂಗಿದ್ರೋ ಇಲ್ಲೋ?"

"ನುಂಗೀನಲ್ರಿ. ನೀವ ಎದುರಿಗೆ ಇದ್ರಿ."

"ರಕ್ತದಾಗ ಹಂಗ ಕಾಣವಲ್ದು."

"ರಕ್ತದಾಗ ಏನ ಕಾಣತೈತೋ ನನಗ ಗೊತ್ತಿಲ್ರಿ. ನಾ ನುಂಗೀನಿ."

ಗುಂಪಿನಿಂದ ಯಾರೋ, "ಆಕಿ ಒಡಪು ಹೇಳಲಿಲ್ಲಲ್ಲ, ಬಾಯಾಗ ಇಟಗೊಂಡಿದ್ಲೇನ!" ಎಂದರು. ಇನ್ನೊಬ್ಬಳು, "ಸುಮ್ನಿರ ಬೇ" ಎಂದು ಗದರಿದಳು. ಅಷ್ಟರಲ್ಲಿ ಅದು ಎಲ್ಲರ ಕಿವಿಗೂ ಬಿದ್ದಾಗಿತ್ತು.

ಡಾಕ್ಟರ ಆಜ್ಞೆಯಂತೆ ಎರಡನೆಯ ಸಲ ಪುಡಿ ಕಲಸಿ ಕೊಟ್ಟೆ. ಅವಳು ಲೋಟ ಕೈಗೆ ತೆಗೆದುಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹಾಗೆ ಬರಲು ನಾವೇ ಹೇಳಿ ಕಳಿಸಿದ್ದೆವು. ಕುಡಿದಳು. ನಾನು ಬಾಯಿ ತೆರೆಯಲು ಹೇಳಿದೆ. ನಾಲಿಗೆ ಎತ್ತಲು ಹೇಳಿದೆ. ಎತ್ತಿದಳು. ಸ್ವಲ್ಪ ಹೊತ್ತಿಗೆ ಚಾವಡಿಯ ಕಂಬ ಹಿಡಿದು ವಾಂತಿ ಮಾಡಿಕೊಂಡಳು. ನಾನು ಅದರಲ್ಲಿ ಪುಡಿ ಎಷ್ಟು ಹೋಯಿತೆಂದು ಬಗ್ಗಿ ನೋಡಿದೆ. ನೋಡಿ ಬರೆದುಕೊಂಡೆ.

ಚೀಟಿ ಸಿಗಲಿಲ್ಲ. ಶಾಲೆ ಶುರುವಾಯಿತು. ಉಪ್ಪಿಟ್ಟಿನ ಕೆಲಸ ಇನ್ನೊಬ್ಬಳಿಗೆ ಹೋಯಿತು.

ಮುಂದಿನ ಕೆಲವು ವಾರ ನಮ್ಮ ಜೀಪು ಟಿಕೋಟಾದ ಕಡೆಗೇ ಓಡಾಡಿತು. ಅಲ್ಲಿ ಹೊಸ ದ್ರಾಕ್ಷಿ ತೋಟವೊಂದರ ಆಳುಗಳಿಗೆಲ್ಲ ಮತ್ತೆ ಹುಳು ಕಂಡಿತ್ತು. ಒಡಪಿನ ಗಂಗವ್ವನಿಗೂ. ಈ ಸಲವೂ ಅವಳು ಎಲ್ಲರೆದುರು ಮದ್ದು ಕುಡಿದು, ಹೊಸ ಒಡಪು ಹೇಳಿ, ಬೆಲ್ಲ ಕಿತ್ತುಕೊಂಡು ತಿಂದಳು. ಎರಡು ವಾರವಾದ ಮೇಲೆ ದಾರಿಯಲ್ಲಿ ಜೀಪು ನಿಲ್ಲಿಸಿದಳು.

"ಅಕ್ಕಾರ, ನಾ ತವರಮನಿಗೆ ಹೊಂಟೇನಿ, ಮಗಳ ಬಾಣಂತನಾ. ಮೂರ ತಿಂಗಳಿಗಿ ನಾ ಸಿಗೂದಿಲ್ಲ. ರಕ್ತಾ ಬೇಕಾದ್ರ ಈಗ ಹಿಂಡಕೋರಿ."

"ಮಗಳ ಬಾಣಂತನಾ ತವರಮನ್ಯಾಗ ಯಾಕ ಮಾಡ್ತೀ ಬೇ?" ಎಂದು ಹುಸೇನಸಾಬ್ ಕೆಣಕಿದರು.

"ನಮ್ಮವ್ವ ಇನ್ನೂ ಗಟ್ಟಿ ಅದಾಳ. ಬಿಸಿನೀರ ಕಾಸಾಕ ಆಕಿ, ಉಣ್ಣಾಕ ನಾ!" ಎಂದು ಬೆರಳು ಚಾಚಿದಳು.

ಆ ಗಾಜನ್ನು ಮರುದಿನ ಲ್ಯಾಬಿನಲ್ಲಿ ನೋಡಿದೆ. ಮೊದಲಿಗಿಂತ ಹತ್ತಿರ ಹತ್ತಿರ ಎರಡರಷ್ಟು. ಎಡಗಡೆಯ ಬಸಿಯ ಬೀಜಗಳನ್ನು ಮತ್ತೊಮ್ಮೆ ಎಣಿಸಿದೆ. ಗಂಗವ್ವನ ಬಾಯಿ ಖಾಲಿಯಾದದ್ದನ್ನು ಊರೇ ಕೇಳಿತ್ತು. ಅವಳು ಉಗುಳಿರಲಿಲ್ಲ.

ಡಾಕ್ಟರ ಮೇಜಿನ ಮೇಲೆ ಎರಡು ಹೆಂಗಸರ ಗಾಜುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. ಆಗ ಹೇಳಿದೆ: ಯಮನವ್ವ ಲೋಟ ತೊಳೆದ ನೀರನ್ನೂ ಕುಡಿದದ್ದನ್ನು ನಾನು ನೋಡಿದ್ದೆ, ಹೇಳಿರಲಿಲ್ಲ ಎಂದು. ಅವರು ಮೈಕ್ರೊಸ್ಕೋಪಿನಿಂದ ಕಣ್ಣು ತೆಗೆಯದೆ "ಯಾಕ ಹೇಳಲಿಲ್ಲ?" ಎಂದರು.

"ನೀವು ಕೇಳಲಿಲ್ಲ ಸರ್. ನಾನೂ ಹೇಳಲಿಲ್ಲ."

ಅದಾದ ಮೇಲೆ ಹದಿನೈದನೆಯ ದಿನ ರಕ್ತ ಕೊಡಲು ಒಪ್ಪಿದವರನ್ನೆಲ್ಲ ನೋಡಿದೆವು. ಹುಳು ಹೆಚ್ಚಿದ್ದವರಲ್ಲಿ ಹಲವರದು ಮದ್ದಿನ ನಂತರ ಏರಿತ್ತು. ಆಮೇಲೆ ಎರಡು ಮೂರು ತಿಂಗಳಲ್ಲಿ ಇಳಿಯಿತು. ಡಾಕ್ಟರು ಹಳೆಯ ಪುಸ್ತಕಗಳನ್ನು ತರಿಸಿ ಓದಿದರು. ಒಂದು ಮಧ್ಯಾಹ್ನ ನನಗೂ ಹುಸೇನಸಾಬರಿಗೂ ತಿಳಿಯುವ ಹಾಗೆ ಹೇಳಿದರು: "ಹುಳಾ ಜೀವಂತ ಇದ್ದಾಗ ಮೈಯ ಕಣ್ಣಿಗೆ ಮಣ್ಣ ಎರಚಿ ಕೂತಿರ್ತದ. ಸತ್ತು ಒಡೆದ ಮ್ಯಾಲೆ ಅದರ ಒಳಗಿಂದೆಲ್ಲಾ ಹೊರಗ ಬರ್ತದ. ಆಗ ಮೈಗೆ ವೈರಿ ಪೂರಾ ಕಾಣಸ್ತಾನ. ಅದಕ್ಕ ಸತ್ತ ಮ್ಯಾಲೇ ದಂಡು ಹೆಚ್ಚು ಕೂಡ್ತದ. ಆಕಿ ರಕ್ತ ಏರಿದ್ದು ಮದ್ದು ಹತ್ತೇದ ಅಂತ ಹೇಳಾಕ."

"ಅಂದ್ರ ಆ ಹೆಣಮಗಳು ನುಂಗಿದ್ದಕ್ಕನ ಸಿಕ್ಕಿಬಿದ್ಲು?" ಎಂದು ಹುಸೇನಸಾಬ್ ಕೇಳಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದೆ ಕಹಿ ಪುಡಿ ಹೋಗಿ ಸಪ್ಪೆ ಮಾತ್ರೆ ಬಂತು. ಯಾರಿಗೂ ಉಗುಳುವುದು ಬೇಕಾಗಲಿಲ್ಲ, ಒಡಪೂ ನಿಂತಿತು. ಎಣಿಸುವ ಯಂತ್ರ ಬಂತು. ನೀವು ಈಗ ಕೆಲಸ ಮಾಡುವ ಲ್ಯಾಬುಗಳಲ್ಲಿ ಲೆಕ್ಕ ಕಾಗದದ ಮೇಲೆ ತಾನೇ ಮುದ್ರಣವಾಗಿ ಬರುತ್ತದೆ. ಒಳ್ಳೆಯದೇ. ಆದರೆ ಅಂಕಿ ಯಾವ ದಿನದ್ದು, ಆ ದಿನ ಮೈಯೊಳಗೆ ಏನು ನಡೆದಿರಬಹುದು ಎಂದು ಯಂತ್ರ ಕೇಳುವುದಿಲ್ಲ. ಅದನ್ನು ನೀವೇ ಕೇಳಬೇಕು. ಎದುರಿಗೆ ಕುಳಿತವರು ಹೇಳುವುದಕ್ಕೂ ಒಂದು ಕಾಲಮ್ ಇರಲಿ. ನಾನು ಆ ವರ್ಷ ಸ್ಕೇಲು ಹಿಡಿದು ಗೆರೆ ಎಳೆದು ಅಂಥದೊಂದು ಕಾಲಮ್ ಮಾಡಿಕೊಂಡೆ.

ಯಮನವ್ವನ ಮೂರನೆಯ ತಿಂಗಳು ಬಂದಾಗ ಡಾಕ್ಟರು, ಮೊಟ್ಟೆಯಿಲ್ಲದ ಆ ಡಬ್ಬಿಯನ್ನೇ ನಂಬಿ, ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಬಬಲೇಶ್ವರದಲ್ಲಿ ಅವಳು ಒಬ್ಬರ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು. ಜೊತೆಗೆ ನಾಲ್ಕೈದು ಹೆಂಗಸರು. ಖಾರದ ಘಾಟಿಗೆ ನನಗೆ ಕೆಮ್ಮು ಬಂತು. ಅವಳು ಎದ್ದು ನೀರು ತಂದು ಕೊಟ್ಟಳು.

"ಯಮನವ್ವ, ನೀವು ನುಂಗಿದ್ರಿ. ತಪ್ಪು ನಮ್ಮದು" ಎಂದೆ.

"ಅದು ನನಗ ಗೊತ್ತೈತ್ರಿ. ಇವರಿಗಿ ಹೇಳ್ರಿ."

ಹೆಂಗಸರ ಕಡೆ ತಿರುಗಿ ಹೇಳಿದೆ. ರಕ್ತ ಏರಿದ್ದು ಮದ್ದು ಕೆಲಸ ಮಾಡಿದ್ದಕ್ಕೆ, ಅದು ನಮಗೆ ತಿಳಿಯದೆ ಅವಳನ್ನು ಸುಳ್ಳಿ ಮಾಡಿದೆವು ಎಂದು. ಅವರು ತೊಟ್ಟು ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ಯಮನವ್ವನನ್ನು ಕರೆದುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ತರರು ಚೀಟಿಯನ್ನು ಎರಡು ಸಲ ಓದಿ ಮಡಿಚಿ ಹಿಂದಕ್ಕೆ ಕೊಟ್ಟರು. "ಈಗಿದ್ದಾಕಿನ್ನ ಹೆಂಗ ತಗೀಲ್ರಿ ಬಾಯಾರ? ಆಕಿನೂ ಬಡವಿ" ಎಂದರು. ಅದೂ ನಿಜವಾಗಿತ್ತು. ಅಡುಗೆ ಕೋಣೆಯ ಬಾಗಿಲಲ್ಲಿ ಆ ಇನ್ನೊಬ್ಬ ಹೆಂಗಸು ಸೌಟು ಹಿಡಿದು ನಮ್ಮನ್ನೇ ನೋಡುತ್ತ ನಿಂತಿದ್ದಳು. ಯಮನವ್ವ ತಲೆ ತಗ್ಗಿಸಿ ಹೊರಗೆ ನಡೆದಳು.

ದಾರಿಯಲ್ಲಿ, ಹೇಗೆ ಬಾಯಿ ಬಂತೋ ಕಾಣೆ, ಮೂರನೆಯ ತಿಂಗಳ ರಕ್ತ ಬೇಕಾಗಿತ್ತು ಎಂದೆ. ಅದೊಂದು ಇದ್ದರೆ ಅವಳ ಲೆಕ್ಕ ಪೂರ್ತಿಯಾಗುತ್ತಿತ್ತು. ಏರಿದ್ದು, ಇಳಿದದ್ದು, ಎರಡೂ ಸಿಕ್ಕ ಮೊದಲ ರೋಗಿ ಅವಳೇ ಆಗುತ್ತಿದ್ದಳು.

"ಬ್ಯಾಡ್ರಿ" ಎಂದಳು. ಸಿಟ್ಟಿರಲಿಲ್ಲ. "ನಾ ಹೇಳಿದ್ದ ಸಾಲಲಿಲ್ಲ ನಿಮಗ. ಇನ್ನ ರಕ್ತಾ ಏನ ಹೇಳತೈತಿ, ನನಗೇನಾಗಬೇಕಾಗೇತಿ?"

ಬರಿಗೈಯಲ್ಲಿ ಮರಳಿದೆ. ಡಾಕ್ಟರು ವರದಿಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಸಹಕರಿಸಲಿಲ್ಲ' ಎಂದು ಬರೆದಿದ್ದರು. ನಕಲು ತೆಗೆಯಲು ಅದು ನನ್ನ ಬಳಿಗೆ ಬಂತು. ನಾನು ಆ ಪದವನ್ನು ಬರೆಯದೆ ಎದ್ದು ಅವರ ಕೋಣೆಗೆ ಹೋದೆ. "ಸರ್, ಆಕಿ ಎರಡು ಸಲ ಆ ಪುಡಿ ಕುಡಿದಾಳ. ಎರಡು ಸಲ ಬೆರಳು ಕೊಟ್ಟಾಳ. ಇದನ್ನ ನಾ ಹೆಂಗ ಬರೀಲಿ?" ಎಂದೆ. ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಪದ ಹೊಡೆದುಹಾಕಿ, 'ನಾವು ನಂಬಲಿಲ್ಲ. ಆದ್ದರಿಂದ ರಕ್ತ ಸಿಗಲಿಲ್ಲ' ಎಂದು ತಮ್ಮ ಕೈಯಿಂದಲೇ ಬರೆದರು.

ಮುಂದಿನ ಸಲ ಬಬಲೇಶ್ವರಕ್ಕೆ ಜೀಪು ಹೊರಟಾಗ ಅವರೇ ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಯಮನವ್ವನ ಮನೆ ಊರಾಚೆಯ ಎರಡನೆಯ ಓಣಿಯಲ್ಲಿತ್ತು. ಡಾಕ್ಟರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ತಪ್ಪಾಯಿತು ಎಂದರು. ಅವಳು ಚಾಪೆ ಹಾಸಿದಳು. ಮಗಳನ್ನು ಕಳಿಸಿ ಹಾಲು ತರಿಸಿ ಚಹಾ ಮಾಡಿಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಬಾಗಿಲಿಗೆ ಒರಗಿ ನಿಂತಿದ್ದಳು.

ಬೆರಳು ಕೊಡಲಿಲ್ಲ.